ಬೆನ್ನ ಹಿಂದಿನ ಬಿಳೇಕಹಳ್ಳಿ

ಹಳೆಯ ಬೆಂಗಳೂರಿನ ಫೋಟೊ ಬೇಕೆಂದು ಗೂಗಲ್‌ನಲ್ಲಿ ಹುಡುಕಿ. ಎಂ.ಜಿ. ರಸ್ತೆ, ಮೆಜೆಸ್ಟಿಕ್, ಕಬ್ಬನ್ ಪಾರ್ಕು, ಲಾಲ್‌ಬಾಗಿನ ಗಾಜಿನ ಮನೆ ಸಾಲುಸಾಲಾಗಿ ಬರುತ್ತವೆ. ಬಿಳೇಕಹಳ್ಳಿ ಎಂದು ಹುಡುಕಿದರೆ ಬರುವುದು ಬಾಡಿಗೆಗಿರುವ ಟು ಬಿಎಚ್‌ಕೆಗಳು. ಊರೇನೂ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಆದರೆ ಬನ್ನೇರುಘಟ್ಟ ರಸ್ತೆ ಪಕ್ಕದ ಒಂದು ಹಳ್ಳಿಯ ಫೋಟೊ ತೆಗೆಯೋಣವೆಂದು ಯಾವ ಪುಣ್ಯಾತ್ಮನಿಗೂ ಅನ್ನಿಸಲಿಲ್ಲ. ಅನ್ನಿಸಬೇಕಾದರೂ ಏಕೆ? ಆಗೆಲ್ಲ ಮನೆಮನೆಗೆ ಬಂದಿದ್ದ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾಗೆ ಒಂದು ರೋಲ್ ಹಾಕಿದರೆ ಬರುತ್ತಿದ್ದುದು 12 ಫೋಟೊ. ಫಿಲಂಗೆ ದುಡ್ಡು, ತೊಳೆಸಲು ದುಡ್ಡು, ಪ್ರಿಂಟಿಗೆ ಬೇರೆ ದುಡ್ಡು. ಅದನ್ನು ನಾಮಕರಣಕ್ಕೋ ಬೀಗರಿಗೋ ಖರ್ಚು ಮಾಡುತ್ತಾರೆಯೇ ಹೊರತು ಹುಣಸೆಮರಕ್ಕೆ ಯಾರು ಮಾಡುತ್ತಾರೆ?

ಹಾಗಾಗಿ ಊರು ಫೋಟೊದೊಳಕ್ಕೆ ಬಂದಿರುವುದೆಲ್ಲ ಕರೆಯದೆ ಬಂದದ್ದು, ಜನರ ಬೆನ್ನ ಹಿಂದೆ.

ನಮ್ಮ ಮನೆಯಲ್ಲೊಂದು ಚೌಕಾಕಾರದ ಕಪ್ಪು ಬಿಳುಪು ಫೋಟೊ ಇದೆ. ದೊಡ್ಡಮ್ಮ ಅಣ್ಣನನ್ನು ಕಂಕುಳಲ್ಲಿ ಎತ್ತಿಕೊಂಡು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಾರೆ. ಅವರ ಹಿಂದೆ ನೆಟ್ಟ ಕಲ್ಲುಚಪ್ಪಡಿಗಳ ಸಾಲು. ಒಂದು ಚಪ್ಪಡಿಯ ತುಂಬ ತಟ್ಟಿದ ಬೆರಣಿ. ದಿಟ್ಟಿಸಿದರೆ ಬೆರಣಿಯ ಮೇಲೆ ಐದು ಬೆರಳಿನ ಗುರುತೂ ಕಾಣುತ್ತದೆ. ಎಡಗಡೆ ಅರ್ಧ ರಾಗಿ ಮೆದೆ, ಅದಕ್ಕೆ ಒರಗಿದಂತೆ ಗಾಡಿಯ ಒಂದೇ ಒಂದು ಚಕ್ರ. ಅದರಾಚೆ ಬೋಳು ರಸ್ತೆ. ಒಂದು ನರಪಿಳ್ಳೆಯೂ ಇಲ್ಲದ ಆ ರಸ್ತೆಯೇ ಬನ್ನೇರುಘಟ್ಟ ರಸ್ತೆ ಎಂದರೆ ಬೆಳಗ್ಗೆ ಒಂಬತ್ತಕ್ಕೆ ಅಲ್ಲಿ ಸಿಕ್ಕಿಕೊಂಡವರು ನಂಬುವುದಿಲ್ಲ.

ಸ್ಟುಡಿಯೊ ಫೋಟೊಗಳಲ್ಲಿ ಈ ಭಾಗ್ಯವಿಲ್ಲ. ಬೇಸಿಗೆ ರಜೆ ಬಂತೆಂದರೆ ಹೆಣ್ಣುಮಕ್ಕಳಿಗೆ ಮಲ್ಲಿಗೆ ಮೊಗ್ಗಿನ ಜಡೆ ಹೆಣೆದು, ಜರಿ ಲಂಗ ಉಡಿಸಿ ಜಯನಗರಕ್ಕೆ ಕರೆದೊಯ್ಯುತ್ತಿದ್ದರು. ಪಕ್ಕದಲ್ಲಿ ನಿಲುಗನ್ನಡಿ ಇಟ್ಟು, ಮುಖವೂ ಜಡೆಯೂ ಒಂದೇ ಫೋಟೊದಲ್ಲಿ ಬರುವಂತೆ ನಿಲ್ಲಿಸುವುದು ಆ ಸ್ಟುಡಿಯೊದವರ ಕೈಚಳಕ. ತಲೆ ಅಲ್ಲಾಡಿಸಬಾರದು, ಮೊಗ್ಗು ಉದುರುತ್ತದೆ. ಹಾಗಾಗಿ ಮೊಗ್ಗಿನ ಜಡೆಯ ಫೋಟೊದಲ್ಲಿ ಒಂದು ಮಗುವೂ ನಕ್ಕಿದ್ದನ್ನು ನಾನು ಕಂಡಿಲ್ಲ. ಹಿಂದೆ ಬಣ್ಣ ಬಳಿದ ಪರದೆ: ಯಾವುದೋ ಅರಮನೆಯ ಮೆಟ್ಟಿಲು, ಯಾವ ದೇಶದ್ದೋ ಉದ್ಯಾನ. ಜಡೆ ನಮ್ಮದು, ಊರು ಮಾತ್ರ ಬಾಡಿಗೆಯದು.

ಫೋಟೊದ ಹಿಂದುಗಡೆ ತಾರೀಖು ಬರೆಯುವ ಅಭ್ಯಾಸ ನಮ್ಮವರಿಗಿರಲಿಲ್ಲ. ಕಾಲ ಗೊತ್ತುಮಾಡಲು ಸಿನಿಮಾಗಳೇ ನೆರವಾಗಬೇಕು. ಅಗಲವಾದ ಕೃತಾವು, ಬೆಲ್ ಬಾಟಂ ಪ್ಯಾಂಟು ಕಂಡರೆ ‘ಬಂಗಾರದ ಮನುಷ್ಯ’, ‘ನಾಗರಹಾವು’ ಬಂದ 1972ರ ಆಸುಪಾಸು ಎಂದು ಅಂದಾಜು. ಅತ್ತೆಯಂದಿರ ಸೀರೆಯ ಸೆರಗು, ಕೈತುಂಬ ಬಳೆ ನೋಡಿದರೆ ನಟಿ ಕಲ್ಪನಾ ಎಷ್ಟು ಮನೆಗಳನ್ನು ಆಳಿದ್ದರು ಎಂಬುದು ತಿಳಿಯುತ್ತದೆ. ಚಿಕ್ಕಪ್ಪ ಯಾರದೋ ಬೈಕಿಗೆ ಒರಗಿ, ಕೂದಲು ಹಾರಲೆಂದು ಮುಖ ಓರೆ ಮಾಡಿದ್ದಾರೆ. ಅದು ‘ಪ್ರೇಮಲೋಕ’ದ ನಂತರದ್ದು, 1987ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ಅವರ ಭುಜದ ಹಿಂದೆ ವಿಜಯಾ ಬ್ಯಾಂಕಿನ ಬೋರ್ಡು ಅರ್ಧ ಕಾಣುತ್ತದೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಆ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ನಮ್ಮ ಪಕ್ಕದ ವಿಜಯಾ ಬ್ಯಾಂಕ್ ಲೇಔಟ್ ಮಾತ್ರ ಹಳೆಯ ಹೆಸರನ್ನೇ ಹೊತ್ತು ಕೂತಿದೆ. ಚಿಕ್ಕಪ್ಪನಿಗೆ ಬೋರ್ಡಿನ ನೆನಪಿಲ್ಲ, ಬೈಕ್ ಯಾರದೆಂಬುದು ಚೆನ್ನಾಗಿ ನೆನಪಿದೆ.

ಸಿನಿಮಾದವರು ನಮ್ಮೂರಿಗೇ ಬಂದಾಗಲೂ ಊರಿನ ಹಣೆಬರಹ ಬದಲಾಗಲಿಲ್ಲ. 2009ರ ‘ತ್ರೀ ಈಡಿಯಟ್ಸ್’ನಲ್ಲಿ ಆಮಿರ್ ಖಾನ್ ಓಡಾಡುವ ಕಾಲೇಜು ನಮ್ಮ ಐಐಎಂ. ವಾಸ್ತುಶಿಲ್ಪಿ ಬಿ.ವಿ. ದೋಶಿ ಫತೇಪುರ್ ಸಿಕ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಕ್ಯಾಂಪಸ್ಸು. 1983ರಲ್ಲಿ ಸಂಸ್ಥೆ ಇಲ್ಲಿಗೆ ಬಂತು. ಆ ಒರಟು ಕಲ್ಲುಗೋಡೆ, ಬಳ್ಳಿ ಇಳಿಬಿದ್ದ ಮೊಗಸಾಲೆಗಳನ್ನು ಇಡೀ ದೇಶ ನೋಡಿತು. ಆದರೆ ಪರದೆಯ ಮೇಲೆ ಅದು ‘ಇಂಪೀರಿಯಲ್ ಕಾಲೇಜ್ ಆಫ್ ಎಂಜಿನಿಯರಿಂಗ್’. ಬಿಳೇಕಹಳ್ಳಿಯನ್ನು ಕೋಟಿಗಟ್ಟಲೆ ಜನ ನೋಡಿದರು, ಅದು ಬಿಳೇಕಹಳ್ಳಿ ಎಂದು ತಿಳಿಯದೆಯೇ.

ಈಗ ದೊಡ್ಡಮ್ಮನ ಫೋಟೊದ ಕಥೆಗೆ ಬರುತ್ತೇನೆ. 2021ರಲ್ಲಿ ‘ಮೈಹೆರಿಟೇಜ್’ ಎಂಬ ಕಂಪನಿ ಹಳೆಯ ಫೋಟೊದಲ್ಲಿದ್ದವರು ಕಣ್ಣು ಮಿಟುಕಿಸುವ ತಂತ್ರ ತಂದಾಗ ನಮ್ಮ ಮನೆಮಂದಿಯ ಗ್ರೂಪಿನಲ್ಲೂ ತೀರಿಹೋದ ತಾತ ಕತ್ತು ತಿರುಗಿಸಿ ನಕ್ಕಿದ್ದರು. ಬದುಕಿದ್ದಾಗ ಅವರು ಹಾಗೆ ನಕ್ಕಿದ್ದನ್ನು ಕಂಡವರಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಎಲ್ಲರೂ ಗೂಗಲ್‌ನ ಎಐ ಜೆಮಿನೈಗೆ ಫೋಟೊ ಕೊಟ್ಟು ಹಳೆಯ ಹಿಂದಿ ಸಿನಿಮಾದ ಶಿಫಾನ್ ಸೀರೆ ಉಟ್ಟುಕೊಂಡರಲ್ಲ, ಅದೇ ಹುರುಪಿನಲ್ಲಿ ಅಣ್ಣನ ಮಗಳು ದೊಡ್ಡಮ್ಮನ ಫೋಟೊವನ್ನೂ ‘ಕ್ಲೀನ್’ ಮಾಡಿಸಿದಳು. ಗೀರು, ಕಲೆ ಎಲ್ಲ ಹೋದವು. ನೂಲಿನ ಸೀರೆಗೆ ಮೆರುಗು ಬಂತು. ಕಲ್ಲುಚಪ್ಪಡಿಗಳಿದ್ದಲ್ಲಿ ಬಿಳಿ ಬಣ್ಣದ ಮರದ ಬೇಲಿ ಎದ್ದಿತು. ಬೆರಣಿಗಳು ಬೇಲಿಗೆ ತೂಗುಹಾಕಿದ ಅಲಂಕಾರದ ತಟ್ಟೆಗಳಾದವು! ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಮಸುಕಾದ ಜಾಗವನ್ನು ಅದು ತಾನು ಹೆಚ್ಚಾಗಿ ಕಂಡ ಚಿತ್ರಗಳ ಅಂದಾಜಿನ ಮೇಲೆ ತುಂಬುತ್ತದೆ. ಅದು ಕಂಡ ಲಕ್ಷೋಪಲಕ್ಷ ಹಿತ್ತಿಲುಗಳಲ್ಲಿ ನಮ್ಮ ಹಿತ್ತಿಲು ಇರಲಿಲ್ಲ. ಇಂಟರ್‌ನೆಟ್ಟಿಗೆ ಹಾಕದ ಊರು ಅದಕ್ಕೆ ಗೊತ್ತಾಗುವುದಾದರೂ ಹೇಗೆ?

ಗ್ರೂಪಿನ ತುಂಬ ಕೆಂಪು ಹೃದಯಗಳು, ‘ಸೂಪರ್’ಗಳು. ಆಮೇಲೆ ದೊಡ್ಡಮ್ಮನ ವಾಯ್ಸ್ ಮೆಸೇಜ್ ಬಂತು: “ಯಾರ ಮನೆ ಮುಂದೆ ತಂದು ನಿಲ್ಸಿದೀರ್ರೋ ನನ್ನ? ನನ್ ಬೆರಣಿ ಎಲ್ಲಿ?”

ಮೂಲ ಫೋಟೊವನ್ನೇ ಅಂಚು ಕತ್ತರಿಸದೆ ಮತ್ತೆ ಹಾಕಿದೆ. ಲೈಕು ಕಡಿಮೆ ಬಿದ್ದವು, ಮಾತು ಮಾತ್ರ ನಿಲ್ಲಲಿಲ್ಲ. ಗಾಡಿ ನಮ್ಮದೇ ಎಂದರು ಚಿಕ್ಕಪ್ಪ. ಅಲ್ಲ, ಕಣಕ್ಕೆಂದು ಪಕ್ಕದ ಮನೆಯವರಿಂದ ಇಸಕೊಂಡಿದ್ದು ಎಂದರು ದೊಡ್ಡಮ್ಮ. ಹುಣಸೆಮರ ರಸ್ತೆಯ ಈ ಕಡೆಯಿತ್ತೋ ಆ ಕಡೆಯಿತ್ತೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಮುಖಗಳ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಅವು ಎಲ್ಲರಿಗೂ ಗೊತ್ತಿದ್ದವೇ.

ಅಣ್ಣನ ಮಗಳಿಗೆ ಇದೊಂದು ಸೋಜಿಗ. ಅವಳ ಫೋನಿನಲ್ಲಿ ಪೋರ್ಟ್ರೇಟ್ ಮೋಡ್ ಇದೆ, ಬೆನ್ನ ಹಿಂದಿನದೆಲ್ಲ ತಾನೇ ಮಂಜಾಗುತ್ತದೆ. ಮಂಜಾಗದಿದ್ದರೆ ಬೆರಳಲ್ಲಿ ಸುತ್ತು ಹಾಕಿ ಅಳಿಸಬಹುದು. ಮೊನ್ನೆ ಸಿಗ್ನಲ್ ಬಳಿ ತೆಗೆದ ಸೆಲ್ಫಿಯಿಂದ ಗುಲಾಬಿ ಮಾರ್ಗದ ಮೆಟ್ರೊ ಕಂಬವನ್ನು ಹಾಗೆಯೇ ಅಳಿಸುತ್ತಿದ್ದಳು. ಕಂಬ ಇರಲಿ ಬಿಡೇ, ಮುಂದೆ ಬೇಕಾಗುತ್ತದೆ ಎಂದೆ.

“ಅಯ್ಯೋ ಹೋಗಿ ಅತ್ತೆ, ಕಂಬಕ್ಕೆ ಯಾರು ಲೈಕ್ ಹಾಕ್ತಾರೆ?” ಎಂದು ಇನ್ನೊಂದು ಸುತ್ತು ಹಾಕಿದಳು.