ಹುಟ್ಟುಗುಣವೂ ಕಡಲ ನೀರೂ

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವ ಗಾದೆಯ ಹಿಂದೆ ಒಂದು ಇಡೀ ದರ್ಶನವೇ ಇದೆ. ಪ್ರತಿಯೊಂದಕ್ಕೂ ತನ್ನದೇ ಆದ ಗುಣವೊಂದು ಒಳಗೆ ಇರುತ್ತದೆ, ಸುತ್ತಲಿನ ಲೋಕ ಅದನ್ನು ಮರೆಮಾಡೀತೇ ಹೊರತು ಹುಟ್ಟಿಸಲಾರದು, ಅಳಿಸಲಾರದು ಎಂಬ ನಂಬಿಕೆ ಅದು. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದ 41ನೆಯ ಶ್ಲೋಕ ನಾಲ್ಕು ವರ್ಣಗಳ ಕರ್ಮಗಳನ್ನು ಸ್ವಭಾವದಿಂದ ಹುಟ್ಟಿದ ಗುಣಗಳ ಪ್ರಕಾರ ಹಂಚಿದೆ ಎನ್ನುವಾಗ, ಈ ನಂಬಿಕೆಗೆ ಶಾಸ್ತ್ರದ ಬಲವೂ ಸಿಕ್ಕಿತು. ಬೌದ್ಧ ದಾರ್ಶನಿಕ ನಾಗಾರ್ಜುನ ತನ್ನ ಮೂಲಮಧ್ಯಮಕಕಾರಿಕೆಯ ಹದಿನೈದನೆಯ ಪ್ರಕರಣದಲ್ಲಿ ಇದರ ಬುಡಕ್ಕೇ ಕೈಹಾಕಿದ: ಸ್ವಭಾವವೆಂದರೆ ಬೇರೆ ಯಾವುದನ್ನೂ ಅವಲಂಬಿಸದ್ದು, ಕಾರಣಗಳು ಕೂಡಿ ಆದದ್ದು ಸ್ವಭಾವ ಆಗುವುದು ಹೇಗೆ? ಮನುಷ್ಯರ ನಡುವೆ ಈ ವಾದವನ್ನು ಬಗೆಹರಿಸಲು ಹೋದರೆ ಅಭಿಮಾನ, ಸ್ವಾರ್ಥ, ಇತಿಹಾಸ ಎಲ್ಲವೂ ಅಡ್ಡ ಬರುತ್ತವೆ. ಆದ್ದರಿಂದ ಯಾರ ಪಕ್ಷವನ್ನೂ ಹಿಡಿಯದ ಒಂದು ಸರಳ ಜೀವಿಯಲ್ಲಿ ಇದನ್ನು ಪರೀಕ್ಷಿಸುವುದು ಮೇಲು.

ಉತ್ತರ ಅಟ್ಲಾಂಟಿಕ್ ಸಾಗರದ ಎರಡೂ ದಡಗಳ ಬಂಡೆಗಳ ಮೇಲೆ, ಐರ್ಲೆಂಡಿನಲ್ಲೂ ಪೂರ್ವ ಕೆನಡಾದಲ್ಲೂ, ಕಾಂಡ್ರಸ್ ಕ್ರಿಸ್ಪಸ್ ಎಂಬ ಕೆಂಪು ಕಡಲಪಾಚಿ ಬೆಳೆಯುತ್ತದೆ. ಅದರ ಕೋಶಭಿತ್ತಿಯಲ್ಲಿರುವ ಅಂಟು ಪದಾರ್ಥವೇ ಕ್ಯಾರಗೀನನ್. ಐಸ್‌ಕ್ರೀಮು, ಟೂತ್‌ಪೇಸ್ಟುಗಳನ್ನು ಹದವಾಗಿ ಹಿಡಿದಿಡಲು ಬಳಸುವ ವಸ್ತು. ಪಾಚಿಯ ಒಣತೂಕದಲ್ಲಿ ಅರ್ಧದಷ್ಟು ಇದೇ ಇರಬಲ್ಲುದು. ಇದನ್ನು ಆ ಪಾಚಿಯ ಹುಟ್ಟುಗುಣ ಎನ್ನದೆ ಇನ್ನೇನನ್ನಬೇಕು? ಆದರೆ ಆ ಪ್ರಮಾಣ ನಿಲ್ಲುವುದಿಲ್ಲ. ಕೆನಡಾದ ವಿಜ್ಞಾನಿ ನೀಶ್ ಮತ್ತು ಸಂಗಡಿಗರ ಕೆಲಸ 1977ರಲ್ಲಿ ಪ್ರಕಟವಾಯಿತು. ನೀರಿನಲ್ಲಿ ಸಾರಜನಕ ಹೆಚ್ಚಾದರೆ ಕ್ಯಾರಗೀನನ್ ಪಾಲು ಇಳಿಯುತ್ತದೆ, ಸಾರಜನಕಕ್ಕೆ ಬರ ಬಂದರೆ ಏರುತ್ತದೆ ಎಂಬುದನ್ನು ಇಂದಿಗೂ ನೀಶ್ ಪರಿಣಾಮ ಎಂದೇ ಕರೆಯುತ್ತಾರೆ. ಕಾರಣ ಸರಳ. ಬೆಳಕಿನಿಂದ ಪಾಚಿ ಇಂಗಾಲವನ್ನು ಹಿಡಿದುಕೊಳ್ಳುತ್ತಲೇ ಇರುತ್ತದೆ. ಸಾರಜನಕ ಸಿಕ್ಕರೆ ಅದು ಪ್ರೋಟೀನಾಗಿ, ಹೊಸ ಬೆಳವಣಿಗೆಯಾಗಿ ಖರ್ಚಾಗುತ್ತದೆ, ಸಿಗದಿದ್ದರೆ ಹೆಚ್ಚಿನ ಪಾಲು ಭಿತ್ತಿಯ ಅಂಟಿಗೆ ಹೋಗುತ್ತದೆ. ವಸಂತದಲ್ಲಿ ಸೂಕ್ಷ್ಮಸಸ್ಯಗಳು ನೀರಿನ ಸಾರಜನಕವನ್ನೆಲ್ಲ ಹೀರಿದ ಮೇಲೆ ಬರುವ ಬೇಸಿಗೆಯಲ್ಲಿ ಕಡಲಲ್ಲಿ ತಾನಾಗಿ ಬೆಳೆದ ಪಾಚಿಗೆ ಆಗುವುದೂ ಇದೇ. ಅಷ್ಟೇ ಅಲ್ಲ, ಬಿಸಿಲು ಹೆಚ್ಚಿ ಸಾರಜನಕ ಕಡಿಮೆಯಾದಾಗ ಅದರ ಕೆಂಪು ವರ್ಣದ್ರವ್ಯವೂ ಕರಗಿ ಮೈ ಹಳದಿ ಹಸಿರಾಗುತ್ತದೆ. ಯಾವ ಬಣ್ಣದಿಂದ ಅದಕ್ಕೆ ಹೆಸರಿಟ್ಟೆವೋ ಆ ಬಣ್ಣವೂ ನೀರಿನ, ಬೆಳಕಿನ ಸಾಲವೇ.

ಇಲ್ಲೊಂದು ಆಕರ್ಷಕವಾದ ತಪ್ಪು ಓದು ಕಾದಿದೆ. ಕಷ್ಟದಲ್ಲಿ ಸತ್ವ ಹೆಚ್ಚುತ್ತದೆ, ಸುಖದಲ್ಲಿ ಕರಗುತ್ತದೆ, ನೋಡಿ, ಕಡಲೇ ಸಾಕ್ಷಿ ಎಂದು ಪ್ರವಚನಕಾರರು ಹೇಳಿಬಿಡಬಹುದು. ಇದನ್ನು ನಾನು ಒಪ್ಪಲಾರೆ. ಸಾರಜನಕವಿಲ್ಲದ ಪಾಚಿ ಶ್ರೇಷ್ಠವಾಗುವುದಿಲ್ಲ, ಅದರ ಬೆಳವಣಿಗೆ ಕುಂಠಿತವಾಗುತ್ತದೆ. ಪಾಲು ಏರುವುದರಲ್ಲಿ ಒಂದಂಶ ಪ್ರೋಟೀನು ಇಳಿದದ್ದರಿಂದಲೂ ಆದದ್ದು. ಅಂಟನ್ನು ಸತ್ವವೆಂದು ಎಣಿಸುವವರು ಕೊಳ್ಳುವ ನಾವು, ಪಾಚಿಯಲ್ಲ. ಹಸಿವನ್ನು ಸದ್ಗುಣದ ಗುರುವಾಗಿಸುವ ಉಪದೇಶ ಹೊಟ್ಟೆ ತುಂಬಿದವರ ಬಾಯಿಂದಲೇ ಬರುತ್ತದೆ. ಅದಕ್ಕೆ ಪ್ರಕೃತಿಯ ಹೆಸರನ್ನು ಎರವಲು ಕೊಡಬಾರದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಬೇರೆ ಇದೆ. ಪ್ರಮಾಣ ಬದಲಾದೀತು, ಬಗೆ ಬದಲಾಗದಲ್ಲ? ನಿಜ. 1973ರಲ್ಲೇ ತೋರಿಸಿದಂತೆ, ಈ ಪಾಚಿಯ ಲಿಂಗಾಣು ಬಿಡುವ ಪೀಳಿಗೆ ಗಟ್ಟಿ ಜೆಲ್ ಆಗುವ ಕಪ್ಪಾ ಬಗೆಯ ಕ್ಯಾರಗೀನನ್ ಮಾಡುತ್ತದೆ, ಬೀಜಾಣು ಬಿಡುವ ಪೀಳಿಗೆ ಜೆಲ್ ಆಗದ ಲ್ಯಾಂಬ್ಡಾ ಬಗೆಯದನ್ನು. ಆದರೆ ಇದು ಸ್ವಭಾವವಾದಿಗೆ ನೆರವಾಗುವುದಿಲ್ಲ. ಹೆಚ್ಚುಕಡಿಮೆ ಒಂದೇ ರೂಪದ, ಒಂದೇ ಕುಲದ ಎರಡು ಪೀಳಿಗೆಗಳು ಬೇರೆ ಬೇರೆ ಪದಾರ್ಥ ಮಾಡುತ್ತವೆ, ಒಂದು ಇನ್ನೊಂದನ್ನು ಹೆರುತ್ತದೆ. ಹಾಗಾದರೆ ಆ ಗುಣ ಕುಲದ್ದಲ್ಲ, ಒಂದು ಹಂತದ್ದು. ಜೈನರು ದ್ರವ್ಯ ಉಳಿಯುತ್ತದೆ, ಪರ್ಯಾಯಗಳು, ಅಂದರೆ ಅದರ ಅವಸ್ಥೆಗಳು, ಬದಲಾಗುತ್ತವೆ ಎನ್ನುತ್ತಾರೆ. ಅವರ ಮಾತಿಗೆ ಇಲ್ಲಿ ಹೆಚ್ಚು ಬೆಲೆ ಇದೆ. ಬರಕ್ಕೆ ಹೀಗೆ, ಸಮೃದ್ಧಿಗೆ ಹಾಗೆ ಸ್ಪಂದಿಸುವ ಕ್ರಮವಂತೂ ಉಳಿಯುತ್ತದೆ, ಕಾಂಡ್ರಸ್ ಎಂದೂ ಬಾಳೆಯಾಗುವುದಿಲ್ಲ. ಒಪ್ಪುತ್ತೇನೆ. ಆದರೆ ಆ ಕ್ರಮವನ್ನು ಹೇಳಹೊರಟರೆ ನೀರನ್ನೂ ಬೆಳಕನ್ನೂ ಹೆಸರಿಸದೆ ವಾಕ್ಯವೇ ಮುಗಿಯುವುದಿಲ್ಲ. ಉಳಿಯುವುದು ಪಾಚಿಯೊಳಗಿನ ದಾಸ್ತಾನಲ್ಲ, ಪಾಚಿಗೂ ಕಡಲಿಗೂ ಇರುವ ಸಂಬಂಧ. ನಾಗಾರ್ಜುನ ಅಲ್ಲಗಳೆದದ್ದು ಪಾಚಿಯನ್ನಲ್ಲ, ಅದು ಒಂಟಿ ಎಂಬ ಕಲ್ಪನೆಯನ್ನು.

ಪಾಚಿಯಿಂದ ಮನುಷ್ಯನಿಗೆ ಜಿಗಿಯುವುದು ಸರಿಯೇ ಎಂದು ಕೇಳಬಹುದು. ಪಾಚಿ ಹೀಗೆ, ಆದ್ದರಿಂದ ಮನುಷ್ಯನೂ ಹೀಗೆ ಎಂದು ನಾನು ಸಾಧಿಸುತ್ತಿಲ್ಲ. ಭಾಷೆ, ನೆನಪು, ಶಾಲೆ, ಅವಮಾನ ಒಂದೂ ಇಲ್ಲದ ಜೀವಿಯಲ್ಲೇ ಒಳಗಿನ ಗುಣವನ್ನು ಸುತ್ತಲಿನಿಂದ ಬಿಡಿಸಿ ತೋರಿಸಲಾಗದಿದ್ದರೆ, ಇವೆಲ್ಲ ಇರುವ ಮನುಷ್ಯನಲ್ಲಿ ಬಿಡಿಸಿ ತೋರಿಸಿದ್ದೇವೆ ಎನ್ನುವವರೇ ಸಾಕ್ಷಿ ಒದಗಿಸಬೇಕು. ಗೀತೆಯ ಆ ಶ್ಲೋಕ ಹೇಳುವುದು ಹುಟ್ಟನ್ನಲ್ಲ, ಗುಣವನ್ನು ಎಂದು ಉದಾರವಾಗಿ ಅರ್ಥಮಾಡುವವರಿದ್ದಾರೆ. ಅವರ ಉದ್ದೇಶಕ್ಕೆ ನನ್ನ ಗೌರವವಿದೆ. ಆದರೆ ಗುಣ ನೋಡಿ ಕರ್ಮ ಹಂಚುವುದಾದರೂ, ಆ ಗುಣ ಯಾವ ನೀರಿನಲ್ಲಿ ಬೆಳೆದದ್ದು ಎಂಬ ಪ್ರಶ್ನೆಯನ್ನು ಹಂಚುವ ಮೊದಲೇ ಕೇಳಬೇಕಾಗುತ್ತದೆ. ಕೇಳಿದರೆ, ಹಂಚುವುದಕ್ಕಿಂತ ಮುಂಚೆ ನೀರನ್ನು ಸರಿಪಡಿಸುವ ಕೆಲಸವೇ ಎದುರಿಗೆ ಬಂದು ನಿಲ್ಲುತ್ತದೆ.