ಹಾರುವ ಮೊದಲೇ ತೀರ್ಮಾನ

ಇಂದಿನ ಚಿಂತನೆ: ಅಪ್ಪಮಾದ (ಎಚ್ಚರ)

1932ರ ಅಕ್ಟೋಬರ್ 15. ಕರಾಚಿಯಿಂದ ಟಪಾಲು ಹೊತ್ತ ಒಂದೇ ಎಂಜಿನ್ನಿನ ಪುಟ್ಟ ವಿಮಾನವೊಂದು ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಬಂತು. ನಡೆಸಿದವರು ಜೆ.ಆರ್.ಡಿ. ಟಾಟಾ. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಆ ಟಪಾಲನ್ನು ನಮ್ಮ ಬಳ್ಳಾರಿಗೆ ತಂದರು. ರಾತ್ರಿ ಅಲ್ಲೇ ತಂಗಿ, ಮರುದಿನ ಮದ್ರಾಸ್ ಸೇರಿದರು. ದಾರಿ ಹೇಳಲು ರೇಡಿಯೊ ಇರಲಿಲ್ಲ. ಎಲ್ಲಿ ಇಂಧನ ತುಂಬಬೇಕು, ಎಲ್ಲಿ ಕತ್ತಲಾಗುತ್ತದೆ ಎಂಬುದನ್ನೆಲ್ಲ ನೆಲದ ಮೇಲಿದ್ದಾಗಲೇ ಯೋಚಿಸಬೇಕಿತ್ತು.

ಇಂದಿಗೂ ಸಣ್ಣ ವಿಮಾನದಲ್ಲಿ ದೂರ ಹೋಗುವವರು ಹೀಗೆಯೇ ಮಾಡುತ್ತಾರೆ. ಹವಾಮಾನ ಕೆಟ್ಟರೆ ಎಲ್ಲಿ ಇಳಿಯುವುದು, ಎಲ್ಲಿಂದ ಹಿಂದಿರುಗುವುದು ಎಂದು ಮೊದಲೇ ಗುರುತು ಹಾಕಿಕೊಳ್ಳುತ್ತಾರೆ. ಏಕೆಂದರೆ ಮೋಡದ ನಡುವೆ ‘ಇನ್ನೇನು ಬಂದೇಬಿಟ್ಟೆ’ ಎಂಬ ಆಸೆ ಬುದ್ಧಿಯನ್ನು ಕವಿಯುತ್ತದೆ. ನಮ್ಮ ಕಿರವತ್ತಿ ರಸ್ತೆಯಲ್ಲಿ ಹೋಗುವ ಲಾರಿ ಚಾಲಕರೂ ಅರಬೈಲು ಘಟ್ಟ ಇಳಿಯುವ ಮೊದಲೇ ಬ್ರೇಕ್ ನೋಡಿಕೊಳ್ಳಬೇಕು, ಇಳಿಜಾರಿನಲ್ಲಿ ಅಲ್ಲ.

‘ಒಳ್ಳೆಯ ಮನಸ್ಸಿದ್ದರೆ ಸಾಕು, ಪ್ರತಿಜ್ಞೆ ಏಕೆ?’ ಎಂದು ಕೆಲವರು ಕೇಳುತ್ತಾರೆ. ನನ್ನ ಉತ್ತರ ನನ್ನ ಸೋಲಿನಲ್ಲಿದೆ. 22 ಪ್ರತಿಜ್ಞೆಗಳಲ್ಲಿ ಶ್ರಾದ್ಧ, ಪಿಂಡದಾನ ಮಾಡುವುದಿಲ್ಲ ಎಂಬುದೂ ಒಂದು. ಅದು ನನಗೆ ಬಾಯಿಪಾಠ. ಆದರೂ ಅಪ್ಪ ತೀರಿಕೊಂಡಾಗ ಹಿರಿಯರು ಹೇಳಿದಂತೆ ಕೂತು ಎಲ್ಲವನ್ನೂ ಮಾಡಿದೆ. ಅಳುವ ಮನೆಯಲ್ಲಿ ಜಗಳ ಬೇಡ ಅನಿಸಿತು. ಧೈರ್ಯ ಕಡಿಮೆಯಾಯಿತು ಎಂದು ಬಹಳ ದಿನ ಕೊರಗಿದೆ. ಆಮೇಲೆ ತಿಳಿಯಿತು: ಅಪ್ಪನ ಹತ್ತಿರವಾಗಲಿ, ಅಣ್ಣತಮ್ಮಂದಿರ ಹತ್ತಿರವಾಗಲಿ ಆ ಮಾತನ್ನು ನಾನು ಒಮ್ಮೆಯೂ ಆಡಿರಲಿಲ್ಲ. ಹೊರಡುವ ಪೈಲಟ್ ತನ್ನ ದಾರಿಯನ್ನು ನೆಲದಲ್ಲಿರುವವರಿಗೂ ತಿಳಿಸಿ ಹೋಗುತ್ತಾನೆ. ನಾನು ಯಾರಿಗೂ ತಿಳಿಸಿರಲಿಲ್ಲ.

ಬಾಬಾಸಾಹೇಬರನ್ನು ನೋಡಿ. 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ, ಹಿಂದೂವಾಗಿ ಸಾಯುವುದಿಲ್ಲವೆಂದು ಎಲ್ಲರೆದುರು ಸಾರಿದರು. ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ. ನಡುವಿನ 21 ವರ್ಷ ಓದಿದರು, ವಾದಿಸಿದರು, ಸಿಂಹಳಕ್ಕೆ, ರಂಗೂನಿಗೆ ಹೋಗಿ ಬಂದರು. ಅದು ವಿಳಂಬವಲ್ಲ, ಸಿದ್ಧತೆ. ತಮ್ಮೊಂದಿಗೆ ಲಕ್ಷಾಂತರ ಜನರನ್ನು ಕರೆದೊಯ್ಯಬೇಕಾದವರು ಅವರು.

ಮೊದಲೇ ತೀರ್ಮಾನಿಸುವುದೆಂದರೆ ಮೊಂಡುತನವಲ್ಲ. ಬಳ್ಳಾರಿಯಲ್ಲಿ ತಂಗಿದ ವಿನ್ಸೆಂಟ್ ಸೋತವರಲ್ಲ. ಪ್ರತಿಜ್ಞೆ ಎಂದರೆ, ಶಾಂತವಾಗಿದ್ದ ಮನಸ್ಸು ಮುಂದೆ ಕಲಕಲಿರುವ ಮನಸ್ಸಿಗೆ ಬರೆದಿಟ್ಟ ಪತ್ರ.

ಕಳೆದ ತಿಂಗಳು ಅವ್ವನ ಮುಂದೆ ಕೂತು ಮಾತಾಡಿದೆ. ಬುದ್ಧ ವಂದನೆ ಸಾಕು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ನೀ ಹ್ಯಾಂಗ್ ಮಾಡ್ತಿ ಮಾಡು. ಬಂದವರಿಗೆ ಊಟ ಹಾಕೂದು ಮಾತ್ರ ತಪ್ಪಸಬ್ಯಾಡ.”

ಇಂದಿನ ಮನನಕ್ಕೆ: ನಾನು ಒಪ್ಪಿಕೊಂಡ ಯಾವ ಪ್ರತಿಜ್ಞೆಯನ್ನು ಮನೆಯವರಿಗೆ ಇನ್ನೂ ಹೇಳಿಲ್ಲ? ಇವತ್ತು ಸಂಜೆ ಹೇಳಬಹುದೇ?

ನಮೋ ಬುದ್ಧಾಯ. ಜೈ ಭೀಮ್.