ಅಪಾಯ ತಪ್ಪಿತು, ಯಾರದು?

2019ರ ಅಕ್ಟೋಬರ್ ಕೊನೆಯ ವಾರ. ದೀಪಾವಳಿಗೆ ಎರಡೇ ದಿನ ಇತ್ತು. ಉಡುಪಿ ಕಡೆಯ ನಮ್ಮ ಗದ್ದೆಯಲ್ಲಿ ಕೊಯ್ದ ಭತ್ತ ಅರ್ಧ ಮನೆ ಸೇರಿತ್ತು, ಅರ್ಧ ನೀರಲ್ಲಿ ಬಿದ್ದಿತ್ತು. ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದರೆ ಮುತ್ತಾಗುತ್ತದೆಂದು ಕವಿಗಳು ಹೇಳುತ್ತಾರೆ. ಕೊಯ್ದ ಪೈರಿಗೆ ಬಿದ್ದರೆ ತೆನೆಯಲ್ಲೇ ಮೊಳಕೆ ಬರುತ್ತದೆ, ಅಷ್ಟೆ.

ಅರಬ್ಬಿ ಸಮುದ್ರದಲ್ಲಿ ‘ಕ್ಯಾರ್’ ಚಂಡಮಾರುತ ಎದ್ದಿತ್ತು. ಕರೆಂಟು ಇರಲಿಲ್ಲ. ಅಮ್ಮ ಒದ್ದೆ ಹುಲ್ಲನ್ನು ಜಗಲಿಯಲ್ಲಿ ಹರವುತ್ತಿದ್ದರು. ಆಚೆಮನೆಯ ದೊಡ್ಡಮ್ಮ ಕೈಜೋಡಿಸಲು ಬಂದಿದ್ದರು. ನಾನು ಮೊಬೈಲಿನಲ್ಲಿ ಸುದ್ದಿ ನೋಡಿ ಕೂಗಿದೆ: “ಅಮ್ಮ, ಪಶ್ಚಿಮಕ್ಕೆ ತಿರುಗಿತಂತೆ. ಒಮಾನ್ ಕಡೆಗೆ ಹೋಗ್ತದಂತೆ!”

“ಅಬ್ಬ, ದೇವರು ದೊಡ್ಡವನು” ಎಂದರು ಅಮ್ಮ.

ದೊಡ್ಡಮ್ಮ ಏನೂ ಹೇಳಲಿಲ್ಲ. ಅವರ ಮಗ ಸಲಾಲಾದಲ್ಲಿದ್ದ. ಹಿಂದಿನ ವರ್ಷದ ಮೇ ತಿಂಗಳಲ್ಲಿ ‘ಮೆಕುನು’ ಅಪ್ಪಳಿಸಿದ ಊರು ಅದು. ಆಗ ಎರಡು ದಿನ ಅವನ ಫೋನ್ ಸಿಕ್ಕಿರಲಿಲ್ಲ. ಅಮ್ಮನಿಗೆ ಅದು ನೆನಪಾದದ್ದು ಮಾತು ಆಡಿದ ಮೇಲೆ. ನನಗೆ ನೆನಪಾದದ್ದು ಅಮ್ಮನ ಮುಖ ನೋಡಿದ ಮೇಲೆ.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಮಗೆ ಬೇಡ ಎಂದು ಬೇಡಿಕೊಳ್ಳುವುದು ಬೇರೆಯವರಿಗೆ ಹೋಗಲಿ ಎಂದು ಬೇಡಿಕೊಂಡಂತೆಯೇ? ಅಲ್ಲ ಎಂದು ವಾದಿಸಬಹುದು. ಮಳೆಗಾಲ ಮುಗಿದ ಮೇಲಿನ ಬೆಚ್ಚನೆಯ ಕಡಲು, ಮೇಲಿನ ಗಾಳಿಯ ಸೆಳೆತ, ಇವು ಚಂಡಮಾರುತವನ್ನು ಬೆಳೆಸಿ ನಡೆಸುತ್ತವೆ. ಅಮ್ಮನ ನಿಟ್ಟುಸಿರು ಅದನ್ನು ಒಂದು ಗೇಣೂ ತಳ್ಳಲಾರದು. ಭತ್ತ ಉಳಿಯಲಿ ಎನ್ನುವವಳಿಗೆ ಸಲಾಲಾ ಮುಳುಗಲಿ ಎಂಬ ಆಸೆ ಇರಲೇ ಇಲ್ಲ. ವಾದವೇನೋ ಸರಿ. ಆದರೆ ಆ ಗಳಿಗೆಯಲ್ಲಿ ಸಲಾಲಾ ನಮ್ಮ ಪಾಲಿಗೆ ಇರಲೇ ಇಲ್ಲವಲ್ಲ! ನನ್ನನ್ನು ಚುಚ್ಚುವುದು ಕೆಟ್ಟ ಆಸೆಯಲ್ಲ, ಆ ಮರೆವು. ಅದಕ್ಕೆ ನಮ್ಮ ಭಾಷೆಯ ಸಹಾಯವೂ ಇದೆ. ‘ಅಪಾಯ ತಪ್ಪಿತು’ ಎಂದರೆ ವಾಕ್ಯ ಪೂರ್ಣ. ಯಾರಿಗೆ ಎಂದು ಹೇಳಬೇಕಾಗಿಯೇ ಇಲ್ಲ.

ಹಾಗಾದರೆ ನಿರಾಳವಾಗುವುದೇ ತಪ್ಪೇ? ಹಾಗೆನ್ನಲು ನನಗೆ ಧೈರ್ಯವಿಲ್ಲ. ನೀರಲ್ಲಿ ಬಿದ್ದ ಪೈರನ್ನು ಕಂಡವಳಿಗೆ ನಿಟ್ಟುಸಿರು ಬಿಡಬೇಡ ಎಂದು ಉಪದೇಶಿಸುವವನು ಗದ್ದೆಗೆ ಇಳಿದವನಲ್ಲ. ಆದರೆ ಬೇರೆ ಬಗೆಯ ನಿರಾಳವೂ ಉಂಟು. 1999ರ ಅಕ್ಟೋಬರಿನ ಚಂಡಮಾರುತ ಒಡಿಶಾದಲ್ಲಿ ಹತ್ತಿರಹತ್ತಿರ 10,000 ಜನರನ್ನು ಕೊಂದಿತು. 2013ರ ಅಕ್ಟೋಬರಿನಲ್ಲಿ ‘ಫೈಲಿನ್’ ಅದೇ ರಾಜ್ಯಕ್ಕೆ ಬಡಿದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದ್ದರು. ಸತ್ತವರ ಲೆಕ್ಕ ಹತ್ತಾರರಲ್ಲೇ ನಿಂತಿತು. ಅಲ್ಲಿ ಗಾಳಿ ಯಾರ ಮನೆಯ ಕಡೆಗೂ ತಿರುಗಬೇಕಾಗಲಿಲ್ಲ. ಆ ನಿರಾಳಕ್ಕೆ ಇನ್ನೊಬ್ಬ ತಾಯಿ ಬೆಲೆ ತೆರಲಿಲ್ಲ.

ಕ್ಯಾರ್ ಮುಂದೆ ಸೂಪರ್ ಸೈಕ್ಲೋನ್ ಆಯಿತು. ಅರಬ್ಬಿ ಸಮುದ್ರದಲ್ಲಿ 2007ರ ‘ಗೋನು’ ಬಿಟ್ಟರೆ ಅಷ್ಟು ಬಲದ್ದು ಅದೊಂದೇ. ಕೊನೆಗೆ ನೆಲಕ್ಕೆ ಅಪ್ಪಳಿಸದೆ ಕಡಲಲ್ಲೇ ಸೊರಗಿತು. ಆದರೆ ಅದು ನಮಗೆ ಆಗ ಗೊತ್ತಿರಲಿಲ್ಲ.

ಆ ಸಂಜೆ ಅಮ್ಮ ದೊಡ್ಡಮ್ಮನನ್ನು ಮನೆಗೆ ಕಳಿಸಲಿಲ್ಲ. ಚಾ ಮಾಡಿಕೊಟ್ಟರು, ಕ್ಷಮೆ ಏನೂ ಕೇಳಲಿಲ್ಲ. ನನ್ನ ಮೊಬೈಲಿನಲ್ಲಿ ಎರಡು ಕಡ್ಡಿ ಸಿಗ್ನಲ್ ಬಂದದ್ದನ್ನು ನೋಡಿ, “ಮೊದಲು ಅವನಿಗೆ ಹಚ್ಚು” ಎಂದರು.